ಚಾರ್ ಹೆಂಗಸು ಬರೆದ ನಡತೆ ಪತ್ರ

ಫಿಶ್ ಗಲ್ಲಿ, ವೂಸ್ಟರ್
ಭಾನುವಾರ, 9 ಅಕ್ಟೋಬರ್ 1887

ಪ್ರೀತಿಯ ತಂಗಿ ಲೆಟಿಗೆ,

ಇವತ್ತು ಕ್ಷೇಮಸಮಾಚಾರ ಬರೆಯಲು ಕೂತಿಲ್ಲ. ಮೈಯೆಲ್ಲ ಸಿಟ್ಟು ಬಂದಿದೆ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಈ ಗಲ್ಲಿಯ ಯಾವ ಪಾಪದವಳ ಮೇಲೋ ಹರಿಹಾಯುತ್ತೇನೆ. ಅದಕ್ಕಿಂತ ನಿನ್ನ ತಲೆ ತಿನ್ನುವುದು ಮೇಲು, ನಡುವೆ ಸಮುದ್ರವಾದರೂ ಇದೆ.

ಸೆಲ್ವಿನ್ ಪಾದ್ರಿಗಳ ಮನೆಯಲ್ಲಿ ನಿಘಂಟಿನ ಕೆಲಸ ನಡೆಯುತ್ತಿದೆ ಎಂದು ಹಿಂದೆಯೇ ಬರೆದಿದ್ದೆ. ಮಹಡಿಯ ಕೋಣೆಯ ಗೋಡೆ ತುಂಬ ಗೂಡುಗಳು, ಗೂಡುಗಳ ತುಂಬ ಚೀಟಿಗಳು. ಒಂದೊಂದು ಚೀಟಿಯಲ್ಲಿ ಒಂದು ಪದ, ಆ ಪದ ಬಂದಿರುವ ಒಂದು ವಾಕ್ಯ, ಬರೆದವರು ಯಾರು, ಯಾವ ವರ್ಷ. ಊರೂರಿನಿಂದ ಓದುಬಲ್ಲವರು ಕಳಿಸುತ್ತಾರೆ. ಪಾದ್ರಿಗಳಿಗೆ ಬರೆದದ್ದು ಬೇಕು, ತಾರೀಖು ಬೇಕು. ಬಾಯಲ್ಲಿ ನೂರು ವರ್ಷ ಆಡಿದ ಮಾತಾದರೂ ಯಾರೂ ಬರೆದಿಡದಿದ್ದರೆ ಅವರ ಪಾಲಿಗೆ ಅದು ಹುಟ್ಟಿಯೇ ಇಲ್ಲ.

ಹನ್ನೊಂದು ವರ್ಷದಿಂದ ಆ ಕೋಣೆ ಗುಡಿಸುತ್ತಿದ್ದೇನೆ. ನನಗೆ ಓದು ಬರುತ್ತದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಲಸದವಳಿಗೆ ಓದು ಬರುತ್ತದೆ ಎಂದು ಗೊತ್ತಾದರೆ ಮೇಜಿನ ಮೇಲೆ ಯಾರೂ ಕಾಗದ ಬಿಟ್ಟು ಹೋಗುವುದಿಲ್ಲ, ಆಮೇಲೆ ನಾನು ಓದುವುದು ಏನನ್ನು? ಅಮ್ಮ ಭಾನುವಾರದ ಶಾಲೆಗೆ ನಮ್ಮ ಕಿವಿ ಹಿಂಡಿ ಕಳಿಸಿದ್ದು ಸುಮ್ಮನೆ ಹೋಗಬಾರದು.

ಈ ಶರತ್ಕಾಲಕ್ಕೆ ಅವರು ನಮ್ಮಂಥ ಮನೆಗೆಲಸದವರ ಪದಕ್ಕೆ ಬಂದಿದ್ದಾರೆ. ಚಾರ್. ಗುಲಾಬಿ ದಾರ ಕಟ್ಟಿದ ಅರವತ್ತೆರಡು ಚೀಟಿ. ನಾಲ್ಕು ಬೆಳಗ್ಗೆ ಅಗ್ಗಿಷ್ಟಿಕೆಯ ಬೂದಿ ತೆಗೆಯುವ ನೆಪದಲ್ಲಿ ಅಷ್ಟನ್ನೂ ಓದಿದೆ. ಒಬ್ಬ ನ್ಯಾಯಾಧೀಶ ಬರೆದಿದ್ದಾನೆ, ಚಾರ್ ಹೆಂಗಸು ಕುಡಿದು ಬಂದು ಹೂಜಿ ಒಡೆದಳು ಅಂತ. ಒಬ್ಬ ನಾಟಕದವನು ಬರೆದಿದ್ದಾನೆ, ಚಾರ್ ಹೆಂಗಸರಂತೆ ಕಿರುಚಾಡಿದರು ಅಂತ. ಒಬ್ಬಳು ದೊಡ್ಡ ಮನೆತನದವಳು, ಚಾರ್ ಹೆಂಗಸಿನ ಟೋಪಿ ನೋಡಿ ನಕ್ಕು ನಕ್ಕು ಸಾಕಾಯಿತಂತೆ. ಅರವತ್ತೆರಡರಲ್ಲಿ ಒಂದಾದರೂ ಮಂಡಿಯೂರಿದವಳು ಬರೆದದ್ದಿಲ್ಲ, ಎಲ್ಲವೂ ಅವಳ ತಲೆಯ ಮೇಲೆ ನಿಂತುಕೊಂಡು ಬರೆದದ್ದು.

ಎಲ್ಲದರ ಮೇಲೆ ಪಾದ್ರಿಗಳ ಸಹಾಯಕ ಪೆನ್ರೋಸ್ ತನ್ನ ಮುದ್ದು ಅಕ್ಷರದಲ್ಲಿ ಅರ್ಥ ಬರೆದಿಟ್ಟಿದ್ದಾನೆ: 'ಚಾರ್ – ಮನೆಯ ಚಿಲ್ಲರೆ ಕೆಲಸ, ಹಗುರವಾದದ್ದು. ಚಾರ್ ಹೆಂಗಸು – ಅಂಥ ಕೆಲಸಕ್ಕೆ ದಿನದ ಮಟ್ಟಿಗೆ ಸಿಗುವ ಕೆಳದರ್ಜೆಯ ಹೆಂಗಸು.' ಹಗುರವಂತೆ. ಮೂರು ಮಹಡಿಗೆ ಕಲ್ಲಿದ್ದಲ ಡಬ್ಬಿ ಹೊತ್ತುಕೊಂಡು ಹೋಗಲಿ ಅವನು. ಕೊರೆಯುವ ಚಳಿಯಲ್ಲಿ ಬಾಗಿಲ ಮೆಟ್ಟಿಲು ಬೆಳ್ಳಗಾಗುವಂತೆ ಬಿಳಿ ಕಲ್ಲು ಉಜ್ಜಲಿ. ಉಜ್ಜಿ ಏಳುವಷ್ಟರಲ್ಲಿ ಅವನಂಥವನೇ ಒಬ್ಬ ಕೆಸರು ಬೂಟಿನಲ್ಲಿ ಅದರ ಮೇಲೇ ಹತ್ತಿ ಹೋಗಲಿ. ಆಮೇಲೆ ಹಗುರವೋ ಭಾರವೋ ಬರೆಯಲಿ.

ಆದರೆ ಕಟ್ಟಿನ ಅಡಿಯಲ್ಲಿ ಒಂದು ಹಳೆಯ ಚೀಟಿ ಇತ್ತು. ಸಾವಿರ ವರ್ಷದ ಹಿಂದೆ ಈ ಪದಕ್ಕೆ ಕೆಲಸ ಎಂಬ ಅರ್ಥವೇ ಇರಲಿಲ್ಲವಂತೆ. ತಿರುಗಿ ಬರುವುದು, ಸರದಿ ಎಂದಿತ್ತಂತೆ. ಆಮೇಲೆ ಸರದಿಯ ಮೇಲೆ ಮಾಡುವ ಕೆಲಸವಾಯಿತಂತೆ. ಲೆಟಿ, ಸರದಿ ಅಂದರೆ ನಿನಗೂ ಗೊತ್ತು ನನಗೂ ಗೊತ್ತು, ಬೀದಿ ಪಂಪಿನ ಹತ್ತಿರ ಬಿಂದಿಗೆ ಹಿಡಿದು ನಿಂತು ಬೆಳೆದವರು ನಾವು. ಒಬ್ಬರದಾದ ಮೇಲೆ ಇನ್ನೊಬ್ಬರದು. ಹನ್ನೊಂದು ವರ್ಷದಲ್ಲಿ ಆ ಮನೆಯ ಗಂಡಸರ ಸರದಿ ಒಂದು ದಿನವೂ ಬಂದದ್ದು ನಾನು ಕಾಣೆ.

ನಿಮ್ಮ ಅಮೆರಿಕದಲ್ಲಿ ಇದೇ ಪದವನ್ನು ಚೋರ್ ಅನ್ನುತ್ತಾರೆ ಎಂದು ಒಂದು ಚೀಟಿಯಲ್ಲಿದೆ. ನಿಜವೇ? ಅಲ್ಲಾದರೂ ಅದಕ್ಕೆ ಸ್ವಲ್ಪ ಮರ್ಯಾದೆ ಇದೆಯೇ? ಏಸಾಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಗಂಡ ಒಂದು ಸಾಲಾದರೂ ಬರೆದು ಮೂರು ವರ್ಷವಾಯಿತು, ಕೈಗೆ ಏನಾಗಿದೆ ಅವನಿಗೆ?

ನಿನ್ನ ಅಕ್ಕ,
ಡಾರ್ಕಸ್ ಟಾಲಿ

*

ಥೇಯರ್ ಹೊಲಮನೆ, ವರ್ಮಾಂಟ್
6 ನವೆಂಬರ್ 1887

ಅಕ್ಕ,

ನಿನ್ನ ಕಾಗದ ಓದಿ ದನದ ಕೊಟ್ಟಿಗೆಯಲ್ಲಿ ಒಬ್ಬಳೇ ನಕ್ಕೆ. ನೀನು ಸಿಟ್ಟು ಮಾಡಿಕೊಂಡರೆ ಮೂಗಿನ ತುದಿ ಕೆಂಪಾಗುತ್ತಿತ್ತಲ್ಲ, ಅದೇ ಕಣ್ಣಿಗೆ ಬಂತು.

ನಿಜ, ಇಲ್ಲಿ ಚೋರ್ಸ್ ಅನ್ನುತ್ತಾರೆ. ಬೆಳಕು ಹರಿಯುವ ಮುಂಚೆ ಎದ್ದು ಹನ್ನೊಂದು ಹಸು ಕರೆಯುವುದು, ಸೌದೆ ಒಳಗೆ ತರುವುದು, ಬೂದಿ ಹೊರಗೆ ಹಾಕುವುದು, ಕೋಳಿ, ಹಂದಿ, ದೀಪದ ಗಾಜು, ನೀರು, ಸಂಜೆಗೆ ಮತ್ತೆ ಹಸು. ಇದಕ್ಕೆ ಕೆಲಸ ಅನ್ನುವುದಿಲ್ಲ ಇಲ್ಲಿ. ಇವೆಲ್ಲ ಮುಗಿದ ಮೇಲೆ ಶುರುವಾಗುವುದಕ್ಕೆ ಕೆಲಸ ಅನ್ನುತ್ತಾರೆ. ಏಸಾನ ಅಣ್ಣ ಈನಕ್ ಹೊಲದಿಂದ ಬಂದು, "ಏನ್ ಲೆಟಿ, ಚೋರ್ಸ್ ಆಯ್ತಾ? ಹಾಗಾದ್ರೆ ಇನ್ನು ಕೆಲಸ ಶುರು ಮಾಡಮ್ಮ" ಅನ್ನುತ್ತಾನೆ. ಒಳ್ಳೆಯ ಮನುಷ್ಯ, ತಮಾಷೆಗೆ ಹೇಳುತ್ತಾನೆ. ಕೂಲಿಯಾಳಿಗೆ ಕೂಲಿ ಉಂಟು, ಚೋರ್ಸ್ ಮಾಡುವವರಿಗೆ ಊಟ ಉಂಟು. ಇದು ಇಲ್ಲಿನ ಪದ್ಧತಿ.

ಅಡುಗೆಮನೆ ಚೆನ್ನಾಗಿದೆ. ಆರು ಕಣ್ಣಿನ ಕಬ್ಬಿಣದ ಒಲೆ, ಕಿಟಕಿಯಿಂದ ಮೇಪಲ್ ಮರಗಳು ಕಾಣುತ್ತವೆ. ನೀನು ನೋಡಿದರೆ ಹೊಟ್ಟೆಕಿಚ್ಚು ಪಡುತ್ತೀಯ.

ಏಸಾ ವಿಚಾರ ಹೊಸದೇನಿಲ್ಲ.

ಮಂಡಿ ಜೋಪಾನ. ಆ ಪೆನ್ರೋಸ್ ಹತ್ತಿರ ಬಾಯಿ ಬಿಡಬೇಡ.

ನಿನ್ನ ಲೆಟಿ

*

ವೂಸ್ಟರ್
ಭಾನುವಾರ, 27 ನವೆಂಬರ್ 1887

ಲೆಟಿ,

ಬಾಯಿ ಬಿಟ್ಟೆ. ಕೆಲಸ ಹೋಯಿತು.

ಹೋದ ಬುಧವಾರ ಬಕೆಟ್ ಹಿಡಿದು ಮಹಡಿಗೆ ಹೋದರೆ ಗೂಡುಗಳೆಲ್ಲ ಖಾಲಿ, ಚೀಟಿಗಳೆಲ್ಲ ನೆಲದ ಮೇಲೆ. ನಡುವೆ ಸೆಲ್ವಿನ್ ಪಾದ್ರಿಗಳು ಮಂಡಿಯೂರಿ ಕೂತಿದ್ದಾರೆ. ಅವರನ್ನು ಆ ಭಂಗಿಯಲ್ಲಿ ನೋಡಿದ್ದು ಅದೇ ಮೊದಲು. ಪೆನ್ರೋಸ್ ಕಿಟಕಿಯ ಹತ್ತಿರ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದ.

"ಟಾಲಿ, ಸೋಮವಾರ ಅಗ್ಗಿಷ್ಟಿಕೆ ಹಚ್ಚೋಕೆ ಯಾವ ಕಾಗದ ತಗೊಂಡೆ ನೀನು?"

"ಹಳೇ ಪತ್ರಿಕೆ ಸಾರ್. ಯಾವತ್ತೂ ಅದೇ."

"ಗುಲಾಬಿ ದಾರ ಕಟ್ಟಿದ್ದ ಒಂದು ಕಟ್ಟು ಕಾಣಿಸ್ತಿಲ್ಲ. ಚಾರ್ ಪದದ್ದು. ಈ ಮನೆಯಿಂದ ಒಂದು ಚೀಟಿಯೂ ಹೊರಗೆ ಹೋಗಬಾರದು ಅನ್ನೋದು ನನ್ನ ನಿಯಮ. ಹೊರಗೆ ಹೋಗಿಲ್ಲ ಅಂದ್ಮೇಲೆ ಒಳಗೇ ಸುಟ್ಟಿರಬೇಕು."

"ನಾನು ಸುಟ್ಟಿಲ್ಲ ಸಾರ್."

ಆಗ ಪೆನ್ರೋಸ್ ಬಾಯಿ ತೆರೆದ. "ಪಾಪ, ಅವಳನ್ನು ಬಯ್ಯಬೇಡಿ ಸಾರ್. ಓದೋಕ್ ಬರದೇ ಇರೋರಿಗೆ ಪತ್ರಿಕೆನೂ ಒಂದೇ, ಚೀಟಿನೂ ಒಂದೇ."

ಕಳ್ಳಿ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಪಾಪ ಎಂದನಲ್ಲ, ಅದು ನೆತ್ತಿಗೇರಿತು. "ನನಗೆ ಓದೋಕ್ ಬರುತ್ತೆ ಸಾರ್" ಎಂದೆ. ಎಂದು ಸುಮ್ಮನಿರದೆ ಆ ಚೀಟಿಗಳನ್ನು ಒಂದೊಂದಾಗಿ ಒಪ್ಪಿಸತೊಡಗಿದೆ. ನ್ಯಾಯಾಧೀಶನ ಹೂಜಿ, ನಾಟಕದವನ ಕಿರುಚಾಟ, ವರ್ಷ ಸಮೇತ. ಪಾದ್ರಿಗಳು ತಡಕಾಡಿ ಲೇಖನಿ ಹುಡುಕಿದರು. ನಾನು ಹೇಳಿದೆ, ಅವರು ಬರೆದುಕೊಂಡರು. ನಲವತ್ತೇಳು ಚೀಟಿ ಬಾಯಲ್ಲೇ ಬಂತು. ಒಂದು ಕಡೆ ಅವರ ಕಣ್ಣಲ್ಲಿ ನೀರು ಬಂತು ಲೆಟಿ, ಅಷ್ಟು ಸಂತೋಷ. ಗೆದ್ದೆ ಅಂದುಕೊಂಡೆ.

ಬರೆದು ಮುಗಿಸಿ, ಶಾಯಿ ಒಣಗಿಸಿ, ಆಮೇಲೆ ಕೇಳಿದರು. "ಇದೆಲ್ಲ ನಿನಗೆ ಹೇಗೆ ಗೊತ್ತು?"

"ಓದಿದೀನಿ ಸಾರ್."

"ಅರ್ಥ ಬರೆದಿದ್ದನ್ನೂ ಓದಿದ್ಯಾ?"

"ಓದಿದೆ."

"ಓದಿ ಏನನ್ನಿಸ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಸಿಟ್ಟು ಬಂತು ಸಾರ್" ಎಂದೆ.

ಪೆನ್ರೋಸ್ ಕನ್ನಡಕ ಹಾಕಿಕೊಂಡ. ಪಾದ್ರಿಗಳು ಬರೆದ ಕಾಗದಗಳನ್ನು ಜೋಡಿಸಿಟ್ಟು, "ಹಾಗಾದ್ರೆ ಗೊತ್ತಿಲ್ಲದೆ ಸುಟ್ಟಿದ್ದಲ್ಲ. ಗೊತ್ತಿದ್ದೇ ಸುಟ್ಟೆ" ಎಂದರು.

ನೋಡಿದೆಯಾ? ಓದು ಬರದಿದ್ದರೆ ದಡ್ಡಿ, ಓದು ಬಂದರೆ ಕೇಡಿ. ಮಧ್ಯಾಹ್ನದೊಳಗೆ ಹಿತ್ತಲ ಬಾಗಿಲಿಂದ ಆಚೆ ಹಾಕಿದರು. ನಡತೆ ಪತ್ರ ಕೊಡುವುದಿಲ್ಲ ಎಂದರು. ಅದಿಲ್ಲದೆ ಈ ಊರಿನಲ್ಲಿ ಯಾವ ಮನೆಯವರೂ ಹಿತ್ತಲ ಬಾಗಿಲನ್ನೂ ತೆರೆಯುವುದಿಲ್ಲ, ನಿನಗೂ ನೆನಪಿದ್ದೀತು. ಈ ನಾಲ್ಕು ದಿನದಲ್ಲಿ ಆರು ಮನೆಗೆ ಹೋದೆ. "ಹನ್ನೊಂದು ವರ್ಷ ಒಂದೇ ಮನೇಲಿದ್ರಾ? ಒಳ್ಳೇದು. ಪತ್ರ ಎಲ್ಲಿ?" ಆರು ಕಡೆಯೂ ಇದೇ. ಪತ್ರವಿಲ್ಲ ಎಂದ ತಕ್ಷಣ ಬೆಳ್ಳಿ ಚಮಚಗಳ ಕಡೆ ಅವರ ಕಣ್ಣು ಹೋಗುತ್ತದೆ.

ಇನ್ನೊಂದು ಸಂಗತಿ ಹೇಳುತ್ತೇನೆ, ನಿನ್ನ ಹತ್ತಿರವೇ ಇರಲಿ. ಚೀಟಿ ಸುಟ್ಟವರು ಯಾರು ಎಂದು ನನಗೆ ಗೊತ್ತು.

ನಮ್ಮ ಪಕ್ಕದ ಮನೆಯ ಮಿಸೆಸ್ ಯಾಪ್, ಪೆನ್ರೋಸ್ ಬಾಡಿಗೆಗಿರುವ ಮನೆಯಲ್ಲೇ ಗುಡಿಸುವವಳು. ಅವಳಿಗೆ ಅಕ್ಷರ ಬರುವುದಿಲ್ಲ. ಕೆಲಸ ಹೇಳಿ ಅವನು ಬರೆದಿಟ್ಟು ಹೋದ ಚೀಟಿಗಳನ್ನು ತಂದು ನನ್ನ ಹತ್ತಿರ ಓದಿಸಿಕೊಳ್ಳುತ್ತಾಳೆ. ಒಂದು ವಾರ, ಕುರ್ಚಿಯ ಮೇಲಿದ್ದ ಹಳೆಯ ಪತ್ರಿಕೆಗಳ ಮೇಲೆ ಚೀಟಿ ಇತ್ತು: ಇವನ್ನು ಒಲೆಗೆ ಹಾಕಿ ಅಂತ. ನಾನೇ ಓದಿ ಹೇಳಿದ್ದೆ. ಮುಂದಿನ ವಾರ ಅದೇ ಕುರ್ಚಿಯ ಮೇಲೆ ಇನ್ನೊಂದು ಕಟ್ಟು, ಅದರ ಮೇಲೆ ಇನ್ನೊಂದು ಚೀಟಿ. ಅದೇ ಕುರ್ಚಿ, ಅದೇ ಥರದ ಚೀಟಿ. ಪ್ರತಿಸಲ ನನ್ನ ಬಾಗಿಲು ತಟ್ಟುವುದೇಕೆ ಎಂದು ಅವಳು ಕಟ್ಟನ್ನು ಒಲೆಗೆ ಹಾಕಿಬಿಟ್ಟಳು. ಶನಿವಾರ ಆ ಚೀಟಿ ತಂದು ತೋರಿಸಿದಳು. 'ಈ ಕಟ್ಟನ್ನು ದಯವಿಟ್ಟು ಮುಟ್ಟಬೇಡಿ' ಎಂದಿತ್ತು.

"ಅದರ ದಾರ ಯಾವ ಬಣ್ಣ?" ಎಂದೆ.

"ಗುಲಾಬಿ. ಚೆನ್ನಾಗಿತ್ತು ಅಂತ ಮಗಳ ಜಡೆಗೆ ಎತ್ತಿಟ್ಕೊಂಡೆ. ಯಾಕೆ ಡಾರ್ಕಸ್, ಮುಖ ಯಾಕ್ ಹಂಗಾಯ್ತು?"

ಪೆನ್ರೋಸ್ ನಿಯಮ ಮುರಿದು ಕಟ್ಟನ್ನು ಮನೆಗೆ ಒಯ್ದಿದ್ದಾನೆ. ಅದು ಬೂದಿಯಾದದ್ದು ಅವನಿಗೆ ಗೊತ್ತು. ಗೊತ್ತಿದ್ದೇ ಕಿಟಕಿಯ ಹತ್ತಿರ ನಿಂತು ಪಾಪ ಎಂದ.

ಮಿಸೆಸ್ ಯಾಪ್‌ಗೆ ಎಲ್ಲ ಹೇಳಿದೆ. ಅವಳು ಅಡುಗೆಮನೆಯ ಸ್ಟೂಲು ಎಳೆದು ಕೂತಳು. ಆಮೇಲೆ, "ಹೋಗಿ ಹೇಳ್ಬಿಡು ಕಣೆ. ನಾನು ಬೇಡ ಅನ್ನಲ್ಲ. ತಪ್ಪು ನಂದು" ಎಂದಳು. ಬೇಡ ಎಂದಿದ್ದರೆ ಹೇಳುತ್ತಿದ್ದೆ ಲೆಟಿ. ಹೇಳು ಎಂದಳಲ್ಲ, ಇನ್ನು ಹೇಳುವಂತಿಲ್ಲ. ಗಂಡ ಸತ್ತವಳು, ಮಗಳು ಕುಂಟಿ, ಕೈಯಲ್ಲಿ ನಾಲ್ಕು ಬಾಡಿಗೆ ಮನೆಗಳ ಕೆಲಸ. ಕಾಗದ ಸುಡುವವಳು ಎಂದು ಹೆಸರು ಬಂದರೆ ನಾಲ್ಕೂ ಒಂದೇ ದಿನ ಹೋಗುತ್ತವೆ. ನನಗಾದರೆ ನೀನಿದ್ದೀಯ.

ಅದಕ್ಕೇ ಬರೆಯುತ್ತಿದ್ದೇನೆ. ಏಪ್ರಿಲ್ ಹಡಗಿಗೆ ನಾನು ಅಲ್ಲಿಗೆ ಬರುತ್ತೇನೆ. ನಿನ್ನ ಆರು ಕಣ್ಣಿನ ಒಲೆಯ ಪಕ್ಕ ಒಂದು ಮೂಲೆ ಕೊಡು ಸಾಕು. ಹಸು ಕರೆಯುವುದು ಕಲಿಯುತ್ತೇನೆ. ಸರದಿಯ ಮೇಲೆ ಮಾಡೋಣ, ಒಂದು ಬೆಳಗ್ಗೆ ನೀನು, ಒಂದು ಬೆಳಗ್ಗೆ ನಾನು.

ನಿನ್ನ ಅಕ್ಕ

*

ಥೇಯರ್ ಹೊಲಮನೆ
16 ಡಿಸೆಂಬರ್ 1887

ಅಕ್ಕ,

ಈ ವರ್ಷ ಬರಬೇಡ. ಮನೆ ಚಿಕ್ಕದು. ಚಳಿ ನಿನ್ನ ಮಂಡಿಗೆ ಆಗುವುದಿಲ್ಲ. ಮುಂದಿನ ವರ್ಷ ನೋಡೋಣ.

ನೀನು ಹೋಗಿ ಆ ಯಾಪ್ ವಿಚಾರ ಪಾದ್ರಿಗಳಿಗೆ ಹೇಳಿಬಿಡು. ಊರಿನವರನ್ನೆಲ್ಲ ಹೊರಲು ನೀನೇನು ಕತ್ತೆಯೇ?

ಕ್ರಿಸ್‌ಮಸ್ ಶುಭಾಶಯ.

ಲೆಟಿ

*

ವೂಸ್ಟರ್
4 ಜನವರಿ 1888

ಲೆಟಿಗೆ,

ನಿನ್ನ ಆರು ಸಾಲು ತಲುಪಿತು. ಶುಭಾಶಯ ಬಿಟ್ಟು ಎಣಿಸಿದೆ.

ಮನೆ ಚಿಕ್ಕದೆಂದು ಈಗ ಗೊತ್ತಾಯಿತು. ಹನ್ನೊಂದು ಹಸು ಹಿಡಿಸುವ ಮನೆಯಲ್ಲಿ ಒಬ್ಬ ಅಕ್ಕ ಹಿಡಿಸುವುದಿಲ್ಲ. ನಡತೆ ಪತ್ರ ಕೇಳದೆ ಇರುವವಳು ನೀನೊಬ್ಬಳೇ ಅಂದುಕೊಂಡಿದ್ದೆ. ನಿನಗೂ ಬೇಕಿತ್ತೇನೋ, ಬಾಯಿ ಬಿಟ್ಟು ಹೇಳಬಹುದಿತ್ತು.

ಈಗ ಕೈಗವಸು ಮಾಡುವವರ ಚರ್ಮದ ಅಂಗಳದಲ್ಲಿದ್ದೇನೆ. ಸುಣ್ಣದ ನೀರಿನಲ್ಲಿ ಕುರಿಚರ್ಮ ತಿಕ್ಕುವುದು. ನಡತೆ ಪತ್ರ ಕೇಳುವುದಿಲ್ಲ. ನಡತೆ ಇರುವವರು ಯಾರೂ ಆ ಕೆಲಸಕ್ಕೆ ಬರುವುದಿಲ್ಲ ಎಂದು ಅವರ ನಂಬಿಕೆ. ಬೆರಳುಗಳು ಒಡೆದು ಲೇಖನಿ ಹಿಡಿಯಲಾಗುತ್ತಿಲ್ಲ, ಅದಕ್ಕೇ ಅಕ್ಷರ ಹೀಗಿದೆ. ಯಾಪ್ ವಿಚಾರ ಯಾರ ಹತ್ತಿರವೂ ಎತ್ತುವುದಿಲ್ಲ. ನೀನೂ ಎತ್ತಬೇಡ.

ಅಮ್ಮ ಸಾಯುವಾಗ ನಿನ್ನ ಕೈ ತಂದು ನನ್ನ ಕೈಯಲ್ಲಿಟ್ಟಳು. ನನ್ನ ಕೈಯನ್ನು ನಿನ್ನ ಕೈಯಲ್ಲಿಡಲಿಲ್ಲ. ಅವಳಿಗೆ ನಮ್ಮಿಬ್ಬರ ವಿಚಾರ ಗೊತ್ತಿತ್ತು ಅಂತ ಕಾಣುತ್ತದೆ.

ಡಾರ್ಕಸ್

*

ಥೇಯರ್ ಹೊಲಮನೆ
25 ಜನವರಿ 1888

ಅಕ್ಕ,

ನಿನ್ನ ಕಾಗದ ಬಂದು ಐದು ದಿನವಾಯಿತು. ಅದನ್ನು ಏಪ್ರನ್ನಿನ ಜೇಬಿನಲ್ಲೇ ಇಟ್ಟುಕೊಂಡು ಹಸು ಕರೆಯುತ್ತಿದ್ದೇನೆ. ಇನ್ನು ಮುಚ್ಚಿಡಲಾರೆ.

ಏಸಾ ಇಲ್ಲ. ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ, ಕಾಡಿನಲ್ಲಿ ಮರ ಕಡಿಯುವಾಗ ಅದು ಮೇಲೆ ಬಿತ್ತು. ಏಸಾ ವಿಚಾರ ಹೊಸದೇನಿಲ್ಲ ಎಂದು ನಿನಗೆ ಬರೆದದ್ದು ಬೇಕೆಂದೇ. ಅತ್ತು ಬರೆದರೆ ನೀನು ಆ ಮಂಡಿ ಇಟ್ಟುಕೊಂಡು ಮರುದಿನವೇ ಹಡಗು ಹತ್ತುತ್ತಿದ್ದೆ. ಬಂದು ನೋಡಿದರೆ ನನಗೆ ಇಲ್ಲಿ ಏನಿದೆ? ಆ ಒಲೆ ಈನಕ್ ಹೆಂಡತಿಯದು. ಕಿಟಕಿಯೂ ಅವಳದು. ನಾನು ಮಲಗುವುದು ಅಟ್ಟದಲ್ಲಿ, ಜೋಳದ ಮೂಟೆಗಳ ಪಕ್ಕ.

ನೀನು ಬರುತ್ತೇನೆ ಎಂದಾಗ ಈನಕ್‌ನನ್ನು ಕೇಳಿದೆ. "ಚೋರ್ಸ್‌ಗೆ ಒಬ್ಬಳು ಸಾಕಲ್ಲಮ್ಮ" ಎಂದ. ಸರಿ, ಹಾಗಾದರೆ ನನಗಾದರೂ ಕೂಲಿ ಕೊಡಿ, ನಾನೇ ಊರೊಳಗೆ ಒಂದು ಕೋಣೆ ಹಿಡಿದು ಅಕ್ಕನನ್ನು ಕರೆಸಿಕೊಳ್ಳುತ್ತೇನೆ ಎಂದೆ. ಅವನಿಗೆ ನಿಜವಾಗಿಯೂ ನೋವಾಯಿತು ಅಕ್ಕ, ಮುಖ ಸಣ್ಣಗಾಯಿತು. "ಕೂಲಿನಾ? ನೀನು ಮನೆಯವಳಲ್ವಾ ಲೆಟಿ? ಮನೆಯವ್ರಿಗೆ ಯಾರಾದ್ರೂ ಕೂಲಿ ಕೊಡ್ತಾರಾ?" ಎಂದ. ಅವನ ಹೆಂಡತಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಹಸು ಕರೆಯುವಾಗ ಮನೆಯವಳು, ಒಲೆ ಕೇಳಿದರೆ ಹೊರಗಿನವಳು.

ಬರಬೇಡ ಎಂದು ಆರು ಸಾಲು ಬರೆದದ್ದು ಅದಕ್ಕೆ. ಏಳನೆಯ ಸಾಲು ಬರೆದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ.

ನಿನಗೆ ಮೂಲೆ ಕೊಡುವ ಶಕ್ತಿ ನನಗಿಲ್ಲ. ಲೇಖನಿ ಹಿಡಿಯುವ ಶಕ್ತಿ ಇದೆ. ಅದಕ್ಕೇ ಒಂದು ಕೆಲಸ ಮಾಡಿದ್ದೇನೆ. ನಿನ್ನ ಪಾದ್ರಿಗಳಿಗೆ ಕಾಗದ ಬರೆದು ನಿನ್ನ ಕಾಗದ ಬಂದ ದಿನವೇ ಅಂಚೆಗೆ ಹಾಕಿದೆ. ಪೆನ್ರೋಸ್ ಕಟ್ಟನ್ನು ಮನೆಗೆ ಒಯ್ದದ್ದು, ಕುರ್ಚಿ, ಚೀಟಿ, ಯಾಪ್, ಎಲ್ಲ ಬರೆದೆ. ನೀನು ಬೇಡ ಎಂದಿದ್ದೆ. ಬೇಕಾದಷ್ಟು ಬಯ್ಯಿ. ಆದರೆ ನೀನು ಸುಣ್ಣದ ನೀರಿನಲ್ಲಿ ಕೈ ಅದ್ದುವುದನ್ನು ನೋಡಿಕೊಂಡು ಯಾವಳೋ ಯಾಪ್‌ಗೋಸ್ಕರ ಸುಮ್ಮನಿರಲು ನನ್ನಿಂದಾಗದು.

ನಿನ್ನ ಲೆಟಿ

*

ಫಿಶ್ ಗಲ್ಲಿ, ವೂಸ್ಟರ್
ಭಾನುವಾರ, 19 ಫೆಬ್ರವರಿ 1888

ಲೆಟಿ, ನನ್ನ ಕೂಸೇ,

ಮೊದಲು ಏಸಾ. ನನ್ನ ಹಿಂದಿನ ಕಾಗದದ ಒಂದೊಂದು ಮಾತೂ ಈಗ ನನಗೇ ಚುಚ್ಚುತ್ತಿದೆ. ಎರಡು ವರ್ಷ ಅದನ್ನು ಒಬ್ಬಳೇ ನುಂಗಿಕೊಂಡು ನನಗೆ ಮೇಪಲ್ ಮರದ ಕಥೆ ಬರೆದೆಯಲ್ಲ, ನಿನಗೆ ಏನನ್ನಲಿ? ಇಲ್ಲಿನ ಇಗರ್ಜಿಯಲ್ಲಿ ಇವತ್ತು ಅವನ ಹೆಸರಿನಲ್ಲಿ ಪ್ರಾರ್ಥನೆ ಮಾಡಿಸಿದೆ. ಮನೆಗೆ ಬಂದು ಅತ್ತೆ.

ಇನ್ನು ಬಯ್ಯುತ್ತೇನೆ, ತಯಾರಾಗು.

ಹೋದ ವಾರ ಮಂಗಳವಾರ ಸೆಲ್ವಿನ್ ಪಾದ್ರಿಗಳು ನಮ್ಮ ಗಲ್ಲಿಗೆ ಬಂದರು. ಮುಂಬಾಗಿಲು ತಟ್ಟಿದರು. ಕೈಯಲ್ಲಿ ನಿನ್ನ ಕಾಗದ. "ಮಿಸೆಸ್ ಟಾಲಿ, ನೀವು ನನ್ನನ್ನು ಕ್ಷಮಿಸಬೇಕು" ಎಂದರು. ಹನ್ನೊಂದು ವರ್ಷ 'ನೀನು' ಆಗಿದ್ದವಳು ಅವತ್ತು 'ನೀವು' ಆದೆ.

"ಬರಹದಲ್ಲಿ ಆಧಾರ ಸಿಕ್ತು" ಎಂದರು.

"ನಾನು ನಿಮ್ಮ ಎದುರಿಗೇ ನಿಂತು ಸುಟ್ಟಿಲ್ಲ ಅಂದಿದ್ನಲ್ಲ ಸಾರ್."

"ಅದು ಬಾಯಿಮಾತು ಆಗಿತ್ತು."

"ಇದನ್ನ ಬರೆದವಳು ಮೂರು ಸಾವಿರ ಮೈಲಿ ಆಚೆ ಕೊಟ್ಟಿಗೇಲಿ ಕೂತಿದಾಳೆ. ಚೀಟಿ ಕಂಡವಳಲ್ಲ, ಕುರ್ಚಿ ಕಂಡವಳಲ್ಲ, ನಿಮ್ಮನ್ನ ಕಂಡವಳಲ್ಲ. ನಾನು ಹೇಳಿದ್ದನ್ನೇ ಬರೆದಿದಾಳೆ."

"ನಿಜ" ಎಂದರು ಪಾಪ, ಕಾಗದ ತಿರುಗಿಸಿ ನೋಡುತ್ತ. "ಆದ್ರೆ ತಾರೀಖಿದೆ, ಸಹಿ ಇದೆ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೆಟ್ಟ ಮನುಷ್ಯನಲ್ಲ ಲೆಟಿ. ಅಂಗೈಯಲ್ಲಿ ಅನ್ನ ಇಟ್ಟು ತೋರಿಸಿದರೂ ಪುಸ್ತಕದಲ್ಲಿ ಅದರ ಹೆಸರು ಹುಡುಕುವ ಜಾತಿ, ಅಷ್ಟೇ.

ಅವರು ನಮ್ಮ ಮನೆಗೆ ಬರುವ ಮುಂಚೆ ಪೆನ್ರೋಸ್ ಇರುವ ಮನೆಗೆ ಹೋಗಿ ವಿಚಾರಿಸಿದ್ದರು. ಅಲ್ಲಿನ ಒಡತಿ ಅವತ್ತೇ ಮಿಸೆಸ್ ಯಾಪ್‌ಳನ್ನು ತೆಗೆದುಹಾಕಿದಳು. ಗುರುವಾರದೊಳಗೆ ಉಳಿದ ಮೂರು ಮನೆಯವರೂ ಬೇಡ ಎಂದರು. ನಾಲ್ಕಕ್ಕೆ ನಾಲ್ಕೂ ಹೋದವು. ನಾನು ಹೇಳಿರಲಿಲ್ಲವೇ ನಿನಗೆ? ಯಾವಳೋ ಯಾಪ್ ಎಂದು ಬರೆದೆ ನೀನು. ಮಾತು ಜೋಪಾನ ಲೆಟಿ. ಚಾರ್ ಹೆಂಗಸನ್ನು ಯಾವಳೋ ಎಂದು ಬರೆದವರ ಅರವತ್ತೆರಡು ಚೀಟಿ ಓದಿದವಳು ನಾನು, ಅರವತ್ತಮೂರನೆಯದು ನನ್ನ ತಂಗಿಯ ಕೈಯಿಂದ ಬರಬಾರದು.

ಪೆನ್ರೋಸ್‌ಗೆ ಏನಾಯಿತು ಎಂದು ಕೇಳಿದೆ.

"ಅವನಿಗೆ ಕಟುವಾಗಿ ಹೇಳಿದೀನಿ" ಎಂದರು. "ಚಿಕ್ಕ ವಯಸ್ಸು, ಮುಂದೆ ಬರಬೇಕಾದವನು. ಹೆದರಿ ಸುಮ್ಮನಿದ್ದ. ಹೆಸರು ಕೆಡಿಸೋದು ಬೇಡ ಅಂತ."

"ಮಿಸೆಸ್ ಯಾಪ್ ಹೆಸರು?"

"ಅವಳು ಸುಟ್ಟಿದ್ದು ನಿಜ ತಾನೆ, ಮಿಸೆಸ್ ಟಾಲಿ?"

"ಅವಳಿಗೆ ಓದೋಕ್ ಬರಲ್ಲ. ಓದೋಕ್ ಬರದೇ ಇರೋರನ್ನ ಬಯ್ಯಬಾರದು ಅಂತ ಪೆನ್ರೋಸೇ ಹೇಳಿದ್ರಲ್ಲ ಸಾರ್, ನಿಮ್ಮೆದುರಿಗೆ. ಅವಳಿಗೆ ಒಂದು ನಡತೆ ಪತ್ರ ಬರೆದುಕೊಡಿ. ತಪ್ಪು ಅವಳದಲ್ಲ, ಕಟ್ಟು ಅಲ್ಲಿರಲೇಬಾರದಿತ್ತು ಅಂತ ಬರೀರಿ."

"ನಾನು ನೋಡದೇ ಇರೋ ಕೆಲಸದವಳಿಗೆ ಹೇಗೆ ಬರೆಯೋದು? ಆಧಾರ ಬೇಕಲ್ಲ."

ಆಮೇಲೆ ಜೇಬಿನಿಂದ ಇನ್ನೊಂದು ಕಾಗದ ತೆಗೆದು ನನ್ನ ಕೈಗಿಟ್ಟರು. ನನ್ನ ನಡತೆ ಪತ್ರ. 'ಡಾರ್ಕಸ್ ಟಾಲಿ ಹನ್ನೊಂದು ವರ್ಷ ನನ್ನಲ್ಲಿ ಕೆಲಸ ಮಾಡಿದ್ದಾಳೆ. ಪ್ರಾಮಾಣಿಕಳು, ಕುಡಿಯುವವಳಲ್ಲ, ವಿಧೇಯಳು.' ಕೆಳಗೆ ಅವರ ಸಹಿ, ಮುದ್ರೆ. ಸೋಮವಾರದಿಂದ ಬನ್ನಿ ಎಂದರು. ಚೀಟಿಗಳನ್ನು ಜೋಡಿಸುವುದಕ್ಕೂ ಬೇಕಾದರೆ ಕೈಹಚ್ಚಬಹುದು, ನೆಲ ಒರೆಸಿದ ಮೇಲೆ.

ಎರಡೂವರೆ ತಿಂಗಳು ಆ ಕಾಗದಕ್ಕಾಗಿ ಎಷ್ಟು ಬಾಗಿಲಲ್ಲಿ ನಿಂತಿದ್ದೆ ಎಂದು ನಿನಗೆ ಗೊತ್ತು. ಅದನ್ನು ಬೇಡ ಅನ್ನಲು ಮನಸ್ಸಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ.

ಗುರುವಾರ ಸಂಜೆ ಮಿಸೆಸ್ ಯಾಪ್ ಬಂದಳು. ಬಯ್ಯಲಿಲ್ಲ, ಅಳಲಿಲ್ಲ. ನನ್ನ ಜೊತೆ ಚರ್ಮದ ಅಂಗಳಕ್ಕೆ ಬರಬಹುದೇ ಎಂದು ಕೇಳಿದಳು. "ನೀನು ಹಳೇ ಮನೆಗೆ ಹೋಗ್ತೀಯಂತೆ, ಸಂತೋಷ ಕಣೆ. ಹೋಗೋ ಮುಂಚೆ ಅಲ್ಲಿನ ಮೇಸ್ತ್ರಿಗೆ ಒಂದ್ ಮಾತು ಹೇಳ್ಬಿಡು" ಎಂದಳು. ಅವಳು ಹೋದ ಮೇಲೆ ಪಾದ್ರಿಗಳ ಕಾಗದವನ್ನು ಇನ್ನೊಮ್ಮೆ ಓದಿದೆ. ಹನ್ನೊಂದು ವರ್ಷ ಅವರ ನೆಲ ಉಜ್ಜಿ ನಾನು ಗಳಿಸಿದ್ದು ಮೂರು ಮಾತು. ಅದರಲ್ಲಿ ಒಂದು, ವಿಧೇಯಳು ಅನ್ನುವುದು, ಸುಳ್ಳು.

ಅವರ ಮನೆಗೆ ನಾನು ಹೋಗುವುದಿಲ್ಲ. ನಾಳೆಯಿಂದ ಮಿಸೆಸ್ ಯಾಪ್ ನಾನು ಇಬ್ಬರೂ ಚರ್ಮದ ಅಂಗಳಕ್ಕೆ. ಸಂಜೆ ಅವಳಿಗೆ ಅಕ್ಷರ ಕಲಿಸುತ್ತೇನೆ, ಒಪ್ಪಿದ್ದಾಳೆ. ನೀನೂ ಆ ಅಟ್ಟದಿಂದ ಇಳಿ ಲೆಟಿ. ಊರೊಳಗೆ ಯಾವುದಾದರೂ ಛತ್ರದಲ್ಲಿ, ಊಟದ ಮನೆಯಲ್ಲಿ, ಕೂಲಿ ಕೊಟ್ಟು ಹಸು ಕರೆಸುವವರ ಹತ್ತಿರ ಹೋಗು. ಆ ಹಳೆಯ ಚೀಟಿಯಲ್ಲಿದ್ದದ್ದನ್ನು ಈನಕ್‌ಗೆ ಹೇಳಿಯೇ ಹೋಗು. ನಿಮ್ಮ ಸರದಿ ಬಂದಿದೆ ಭಾವ, ನಾಳೆ ಬೆಳಗ್ಗೆ ಹಸು ನೀವು ಕರೆಯಿರಿ ಎನ್ನು. ಅವನಿಗೆ ನೋವಾದರೆ ಆಗಲಿ, ಮುಖ ಸಣ್ಣಗಾದರೆ ಅದೂ ಆಗಲಿ.

ಪಾದ್ರಿಗಳು ಕೊಟ್ಟ ಪತ್ರವನ್ನು ಅವರಿಗೇ ವಾಪಸ್ ಕಳಿಸಿದೆ. ಅದರ ಹಿಂಬದಿ ಖಾಲಿ ಇತ್ತು. ಒಡೆದ ಬೆರಳಿನಲ್ಲೇ ಆದಷ್ಟು ದುಂಡಗೆ ಬರೆದೆ. ಅದರ ನಕಲು ನಿನಗಾಗಿ ಇಲ್ಲಿದೆ:

'ಸಂಬಂಧಪಟ್ಟವರಿಗೆ. ಸೆಲ್ವಿನ್ ಪಾದ್ರಿಗಳನ್ನು ನಾನು ಹನ್ನೊಂದು ವರ್ಷದಿಂದ ಬಲ್ಲೆ. ಅವರ ಹಾಸಿಗೆ ಹಾಸಿದ್ದೇನೆ, ಬೂದಿ ಹೊತ್ತಿದ್ದೇನೆ, ಕೆಸರು ಒರೆಸಿದ್ದೇನೆ. ಪ್ರಾಮಾಣಿಕರು. ಕುಡಿಯುವವರಲ್ಲ. ಬೂಟು ಒರೆಸಿಕೊಂಡು ಒಳಗೆ ಬರುವ ಅಭ್ಯಾಸವಿಲ್ಲ, ಹೇಳಿದರೆ ಕಲಿತಾರು. ಬರೆದಿಟ್ಟದ್ದನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಎದುರಿಗೆ ನಿಂತ ಮನುಷ್ಯರನ್ನು ಇವರ ಕೈಗೆ ಒಪ್ಪಿಸುವಂತಿಲ್ಲ. ಈ ವಾಕ್ಯಗಳಲ್ಲಿ ತಾರೀಖಿದೆ, ಸಹಿಯಿದೆ. ಆದ್ದರಿಂದ ಚಾರ್ ಪದದ ಗೂಡಿನಲ್ಲಿ ಹಾಕಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಡಾರ್ಕಸ್ ಟಾಲಿ, ಚಾರ್ ಹೆಂಗಸು. 18 ಫೆಬ್ರವರಿ 1888.'